ಕೈ ನಡುಕದ ಮಾತ್ರೆ

ಜನವರಿ 20, ಸೋಮವಾರ

ಅಕ್ಷರ ಸೊಟ್ಟಗಿದೆ, ಕ್ಷಮಿಸಬೇಕು. ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ನನಗೇ ಗೊತ್ತಾಗುವುದಿಲ್ಲ. ಐದನೇ ಕ್ಲಾಸಿಗೆ ಬಿಟ್ಟವಳು. ಇದನ್ನು ಯಾರೂ ಓದುವುದಿಲ್ಲ, ಮತ್ತೆ ಯಾರ ಹತ್ತಿರ ಕ್ಷಮೆ ಕೇಳುತ್ತಿದ್ದೇನೆ? ಇರಲಿ. ಕೇಳಿಬಿಟ್ಟರೆ ಮುಂದೆ ಬರೆಯುವುದು ಸಲೀಸು.

ಇವತ್ತೂ ಐದೂವರೆಗೆ ಜಿಮ್ಮು. ನನಗಲ್ಲ, ರುದ್ರಾಣಿ ಅಮ್ಮನಿಗೆ. ಚಾಮರಾಜಪೇಟೆಯ ಇವರ ಮನೆಯಲ್ಲಿ ನಾನು ಕೆಲಸಕ್ಕಿದ್ದೇನೆ. ಕತ್ತಲಲ್ಲಿ ಒಬ್ಬರೇ ಹೋಗಲು ಅವರಿಗೆ ಇಷ್ಟವಿಲ್ಲ. ನಾನು ಬೆಂಚಿನ ಮೇಲೆ ನೀರಿನ ಬಾಟಲಿ ಹಿಡಿದು ಕೂರುತ್ತೇನೆ. ಯಾರೂ ಮಾತನಾಡಿಸದಿದ್ದರೆ ಒಳ್ಳೆಯದು ಎಂದುಕೊಳ್ಳುತ್ತೇನೆ.

ವಾಪಸ್ ಬಂದು ಅವರಿಗೆ ಸ್ನಾನಕ್ಕೆ ನೀರು, ಪೂಜೆಗೆ ಬಿಲ್ವಪತ್ರೆ. ಹನ್ನೊಂದಕ್ಕೆ ಅವರ ಮಾವ ಪರಮಶಿವಯ್ಯ ಅಜ್ಜನವರಿಗೆ ಪೇಪರ್ ಓದುವುದು. ಅಜ್ಜನವರಿಗೆ ಕಣ್ಣು ಚೆನ್ನಾಗಿದೆ, ಕೈ ನಡುಗುತ್ತದೆ. ಅವರೇ ಹಿಡಿದರೆ ಸಾಲುಗಳೆಲ್ಲ ಓಡಾಡುತ್ತವೆ. ಹಾಗಾಗಿ ನಾನು ಓದುತ್ತೇನೆ. ನಾನು ಸ್ವಲ್ಪವಾದರೂ ಬರೆಯುವ ಹಾಗೆ ಆಗಿದ್ದು ಇದರಿಂದಲೇ.

ಬರೆಯುವ ಈ ಡೈರಿ ಕೊಟ್ಟದ್ದು ಯಜಮಾನರು, ಅಮ್ಮನ ಗಂಡ. ಅವರಿಗೆ ತರಗುಪೇಟೆಯಲ್ಲಿ ಬೇಳೆ ಮಂಡಿ. ಹೊಸ ವರ್ಷಕ್ಕೆ ಮೂವತ್ತು ಡೈರಿ ಬರುತ್ತವೆ.

ಜನವರಿ 23, ಗುರುವಾರ

ಅಮ್ಮನ ತೂಕ 87. ಅವರಿಗೆ ಒಂದೇ ಆಸೆ. ಶಿವರಾತ್ರಿಯ ದಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲಿಂಗಪೂಜೆ ಮಾಡಬೇಕು. ಎರಡು ವರ್ಷದಿಂದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮಾಡುತ್ತಿದ್ದಾರೆ. ಮಂಡಿ ಮಡಿಸಲು ಆಗುವುದಿಲ್ಲ. ಹತ್ತು ಕೆಜಿ ಇಳಿದರೆ ಮಂಡಿ ತಾನಾಗಿ ಮಡಚಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದಾರಂತೆ.

ಟ್ರೇನರ್ ಲೋಹಿತ್ ಇವತ್ತು ನನಗೂ ಕೆಲಸ ಕೊಟ್ಟ. ಬೆರಳಿಗೆ ಸಿಕ್ಕಿಸುವ ಒಂದು ಕ್ಲಿಪ್ ಇದೆ. ನಾಡಿ ಎಷ್ಟು ಹೊಡೆಯುತ್ತಿದೆ ಎಂದು ತೋರಿಸುತ್ತದೆ. ಹೆಂಗಸರ ಬ್ಯಾಚಿನಲ್ಲಿ ಎಲ್ಲರಿಗೂ ಹಾಕಿ ಅವರವರ ಕಾರ್ಡಿನಲ್ಲಿ ಬರೆಯಬೇಕು.

"ಸುಮ್ನೆ ಕೂತಿರ್ತೀಯಲ್ಲ ಸಿಸ್ಟರ್, ಇದೊಂದು ಮಾಡು. ನಂಬರ್ ಬರೆಯೋಕೆ ಬರುತ್ತೆ ತಾನೇ?"

ತಲೆ ಆಡಿಸಿದೆ. ನಂಬರಿಗೆ ಒತ್ತಕ್ಷರ ಇಲ್ಲ.

ಅಮ್ಮ ಟೀ ಶರ್ಟಿನೊಳಗೆ ಬೆಳ್ಳಿಯ ಕರಡಿಗೆ ಹಾಕಿಕೊಂಡಿರುತ್ತಾರೆ. ಅದರೊಳಗೆ ಅವರ ಇಷ್ಟಲಿಂಗ. ಲೋಹಿತ್ ಹೇಳಿದ, "ಆಂಟಿ, ಅದನ್ನ ತೆಗೆದಿಟ್ಟು ಮಾಡಿ, ಎದೆಗೆ ಬಡಿಯುತ್ತೆ."

"ಬಡೀಲಿ ಬಿಡಪ್ಪ. ನಾಮಕರಣದಿಂದ ಬಡೀತಾನೇ ಇದೆ."

ಎಲ್ಲರೂ ನಕ್ಕರು.

ಜನವರಿ 29, ಬುಧವಾರ

ತೂಕ 86. ಶಿವರಾತ್ರಿಗೆ ಇನ್ನು ನಾಲ್ಕು ವಾರ. ಹೀಗೇ ಹೋದರೆ ಆಗುವುದಿಲ್ಲ ಎಂದು ಅಮ್ಮನಿಗೆ ಬೇಜಾರು.

ಲೋಹಿತ್ ಒಂದು ಕಪ್ಪು ಡಬ್ಬಿ ತಂದ. ಕೊಬ್ಬು ಕರಗಿಸುವ ಕ್ಯಾಪ್ಸೂಲ್. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು, ನೀರಿನ ಜೊತೆ.

"ಸೈಡ್ ಎಫೆಕ್ಟ್ ಏನಪ್ಪ?"

"ಏನೂ ಇಲ್ಲ ಆಂಟಿ, ಹರ್ಬಲ್ಲು. ಸ್ವಲ್ಪ ಹಾರ್ಟ್ ಫಾಸ್ಟ್ ಆಗುತ್ತೆ. ಆದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ. ನಾನೂ ತಗೋತೀನಿ, ನೋಡಿ ಹೆಂಗಿದೀನಿ."

ಪೂಜೆಗೆ ಮುಂಚೆ ಬಾಯಿಗೆ ಏನನ್ನೂ ಹಾಕುವವರಲ್ಲ ಅಮ್ಮ. ದಾರಿಯಲ್ಲಿ ನನ್ನನ್ನು ಕೇಳಿದರು, "ಔಷಧಿ ಊಟ ಅಲ್ಲ ಅಲ್ವೇನೇ ಯಶು?"

ಅಲ್ಲ ಎಂದೆ.

ಫೆಬ್ರವರಿ 1, ಶನಿವಾರ

ನಾಡಿ 118. ಮೊದಲು 90 ಇರುತ್ತಿತ್ತು. ಅಮ್ಮ ಎರಡು ಮೆಟ್ಟಿಲು ಒಟ್ಟಿಗೆ ಹತ್ತಿದರು. ತಿಂಡಿ ಬೇಡ ಎಂದರು. ಸ್ಟೋರ್ ರೂಮ್ ಪೂರ್ತಿ ಒಬ್ಬರೇ ಗುಡಿಸಿದರು. ನನಗೆ ಕೆಲಸವೇ ಇಲ್ಲ.

ಫೆಬ್ರವರಿ 4, ಮಂಗಳವಾರ

ತೂಕ 84.2. ಆರು ದಿನಕ್ಕೆ ಸುಮಾರು ಎರಡು ಕೆಜಿ. ಲೋಹಿತ್ ಎಲ್ಲರ ಮುಂದೆ ಚಪ್ಪಾಳೆ ತಟ್ಟಿಸಿದ.

ಆದರೆ ಪೂಜೆಯಲ್ಲಿ ತೊಂದರೆ. ನೀರಿನ ತಂಬಿಗೆ ಇಡಲು ಹೋದಾಗ ನೋಡಿದೆ. ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಅದನ್ನೇ ದಿಟ್ಟಿಸಿ ನೋಡಬೇಕು, ಅದು ಅವರ ಪೂಜೆ. ಕೈ ನಡುಗುತ್ತಿತ್ತು. ಬಿಲ್ವಪತ್ರೆ ಒಂದೊಂದೇ ಜಾರಿ ಮಡಿಲಿಗೆ ಬಿತ್ತು. ಬಲಗೈಯಿಂದ ಎಡಗೈ ಹಿಡಿದುಕೊಂಡರು. ಆಗ ಎರಡೂ ನಡುಗಿದವು.

ಪೂಜೆ ಅರ್ಧಕ್ಕೇ ನಿಲ್ಲಿಸಿದರು. ಅಡುಗೆಮನೆಗೆ ಬಂದರು.

"ಲಿಂಗ ಕೈಯಲ್ಲಿ ನಿಲ್ತಿಲ್ಲ ಕಣೇ. ನಲವತ್ತಾರು ವರ್ಷದಲ್ಲಿ ಹೀಗಾಗಿರಲಿಲ್ಲ."

"ಕ್ಯಾಪ್ಸೂಲ್ ಬಿಟ್ಬಿಡಿ ಅಮ್ಮ."

ಹೇಳಿದೆನೋ, ಹೇಳಬೇಕು ಅಂದುಕೊಂಡೆನೋ. ಧ್ವನಿ ಹೊರಗೆ ಬಂದ ನೆನಪಿಲ್ಲ.

ಫೆಬ್ರವರಿ 6, ಗುರುವಾರ

ಅಮ್ಮನೇ ದಾರಿ ಹುಡುಕಿದರು. ಅಜ್ಜನವರಿಗೆ ಕೈ ನಡುಕಕ್ಕೆ ಡಾಕ್ಟರು ಕೊಟ್ಟ ಮಾತ್ರೆ ಇದೆ. ತಿಂಗಳು ತಿಂಗಳು ಹಳೆಯ ಸ್ಟ್ರಿಪ್ ತೋರಿಸಿ ಮೆಡಿಕಲ್ ಶಾಪಿನಿಂದ ತರುವುದು ನಾನೇ.

"ನಡುಕಕ್ಕೆ ತಾನೇ ಅದು? ನನಗೂ ನಡುಕನೇ. ಒಂದು ಸ್ಟ್ರಿಪ್ ಜಾಸ್ತಿ ತಂದ್ಬಿಡು. ಮಾವನವರಿಗೆ ಹೇಳ್ಬೇಡ, ಇವರಿಗಂತೂ ಹೇಳ್ಲೇಬೇಡ. ಜಿಮ್ಮೇ ಬೇಡ ಅಂತಾರೆ ಆಮೇಲೆ."

ಇವರು ಎಂದರೆ ಯಜಮಾನರು, ನಾಗಭೂಷಣ್.

ಅಮ್ಮ ಹೇಳಿದ್ದು ಸರಿ ಅನ್ನಿಸಿತು. ನಿಜವಾಗಿ ಅನ್ನಿಸಿತು. ನಡುಕಕ್ಕೆ ನಡುಕದ ಮಾತ್ರೆ. ಶಾಪಿನವನು ಏನೂ ಕೇಳಲಿಲ್ಲ. ತಂದುಕೊಟ್ಟೆ.

ಫೆಬ್ರವರಿ 8, ಶನಿವಾರ

ಕೈ ನಿಂತಿತು! ಐದು ಗಂಟೆಗೆ ಕ್ಯಾಪ್ಸೂಲ್ ಜೊತೆಗೇ ಮಾತ್ರೆ. ಏಳೂವರೆಗೆ ಪೂಜೆ. ಅಂಗೈ ಕಲ್ಲಿನ ಹಾಗಿತ್ತು. ಪೂಜೆ ಮುಗಿಸಿ ಅಮ್ಮ ನನ್ನ ಹಣೆಗೂ ವಿಭೂತಿ ಇಟ್ಟರು. ನಮ್ಮವರಲ್ಲಿ ಹಾಗೆ ಇಟ್ಟುಕೊಳ್ಳುವುದಿಲ್ಲ. ಒರೆಸಿಕೊಳ್ಳಲು ಮನಸ್ಸಾಗಲಿಲ್ಲ.

ನಾಡಿ 66. ಟ್ರೆಡ್‌ಮಿಲ್ ಮೇಲೆ ಇಪ್ಪತ್ತು ನಿಮಿಷ ಆದಮೇಲೂ 70. ಲೋಹಿತ್ ಕಾರ್ಡ್ ನೋಡಿ ಹುಬ್ಬೇರಿಸಿದ. "ಆಂಟಿ, ನಿಮ್ಮ ಹಾರ್ಟು ಅಥ್ಲೀಟ್ ಹಾರ್ಟ್ ಆಗಿಬಿಟ್ಟಿದೆ. ಹದಿನೈದು ದಿನದಲ್ಲಿ!"

ಫೆಬ್ರವರಿ 13, ಗುರುವಾರ

ತೂಕ 84.1. ಹೋದ ಶನಿವಾರವೂ 84.1. ಅದಕ್ಕೆ ಮುಂಚಿನ ಮಂಗಳವಾರ 84.2.

ಲೋಹಿತ್‌ಗೆ ಆಶ್ಚರ್ಯ. "ಬಾಡಿ ಅಡ್ಜಸ್ಟ್ ಆಗಿದೆ ಆಂಟಿ. ನಾಳೆಯಿಂದ ಎರಡು ತಗೊಳ್ಳಿ. ನಾಡಿ ಇಷ್ಟು ಚೆನ್ನಾಗಿದೆಯಲ್ಲ, ಭಯ ಇಲ್ಲ."

ಅಮ್ಮನಿಗೆ ಬೆಳಿಗ್ಗೆಯೆಲ್ಲ ತಲೆನೋವು. ಹಿಂದೆ, ಕುತ್ತಿಗೆಯ ಹತ್ತಿರ. ಅಮೃತಾಂಜನ ಹಚ್ಚಿದೆ. ಅವರ ಕೈ ಮುಟ್ಟಿದರೆ ಫ್ರಿಜ್ಜಿನಿಂದ ತೆಗೆದ ಹಾಗೆ ತಣ್ಣಗಿತ್ತು. ಹೊರಗೆ ಬಿಸಿಲು ಶುರುವಾಗಿದೆ. ನನಗೆ ಬೆವರು, ಅವರಿಗೆ ಶಾಲು.

ಫೆಬ್ರವರಿ 17, ಸೋಮವಾರ

ಕ್ಲಿಪ್ ಓದಲಿಲ್ಲ. ಅಮ್ಮನ ಬೆರಳಿಗೆ ಹಾಕಿದರೆ ಬರೀ ಗೆರೆ. ಬೆರಳಿನ ತುದಿ ಬೆಳ್ಳಗಿತ್ತು, ನೀರಿನಲ್ಲಿ ನೆನೆಸಿಟ್ಟ ಹಾಗೆ. ನನ್ನ ಕೈಯಲ್ಲಿ ಹಿಡಿದು ಉಜ್ಜಿದೆ. ಆಮೇಲೆ ತೋರಿಸಿತು — 54.

ಪಕ್ಕದ ಬೆಂಚಿನಲ್ಲಿದ್ದ ಮಹಾನಂದ ಅವರೂ ಅದೇ ಡಬ್ಬಿಯ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಾರೆ. ಅವರದು 121. ಕೈ ಬೆಚ್ಚಗೆ, ಮುಖ ಕೆಂಪಗೆ, ಮಾತು ನಿಲ್ಲುವುದೇ ಇಲ್ಲ. ಒಂದೇ ಕ್ಯಾಪ್ಸೂಲಿಗೆ ಒಬ್ಬರಿಗೆ 121, ಎರಡು ತೆಗೆದುಕೊಂಡವರಿಗೆ 54. ಇದು ಹೇಗೆ?

ಲೋಹಿತ್‌ನನ್ನು ಕೇಳಬೇಕು ಅಂದುಕೊಂಡೆ. ಅವನು ಇಬ್ಬರ ಜೊತೆ ನಗುತ್ತ ಮಾತನಾಡುತ್ತಿದ್ದ. ಹತ್ತಿರ ಹೋಗಿ ನಿಂತೆ. "ಏನ್ ಸಿಸ್ಟರ್?" ಎಂದ. ಟವೆಲ್ ಬೇಕು ಎಂದೆ.

ಟವೆಲ್ ನನ್ನ ಹೆಗಲ ಮೇಲೇ ಇತ್ತು.

ಫೆಬ್ರವರಿ 18, ಮಂಗಳವಾರ, ಮಧ್ಯಾಹ್ನ 2

ಆಸ್ಪತ್ರೆಯ ಹೊರಗೆ ಕೂತು ಬರೆಯುತ್ತಿದ್ದೇನೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಏಳೂಮುಕ್ಕಾಲು. ಪೂಜೆ ನಡೆಯುತ್ತಿತ್ತು. "ಯಶು, ಲೈಟ್ ಹಾಕು" ಎಂದರು. ಲೈಟ್ ಹಾಕಿಯೇ ಇತ್ತು. ಲಿಂಗ ಕಾಣಿಸುತ್ತಿಲ್ಲ, ಎಲ್ಲ ಮಂಜು ಮಂಜು ಎಂದರು. ತಲೆ ಒಡೆದುಹೋಗುತ್ತಿದೆ ಎಂದರು. ವಾಂತಿ. ಆಗಲೂ ಎಡಗೈ ಅಲ್ಲಾಡಿರಲಿಲ್ಲ. ಲಿಂಗವನ್ನು ಕರಡಿಗೆಯೊಳಗೆ ಇಟ್ಟು ಮುಚ್ಚಳ ಹಾಕಿ, ಆಮೇಲೆ ಕುರ್ಚಿಯಿಂದ ಪಕ್ಕಕ್ಕೆ ವಾಲಿದರು.

ಯಜಮಾನರು ಮಂಡಿಗೆ ಹೊರಟಿದ್ದವರು ಬೈಕ್ ಕೀ ಬಿಸಾಕಿ ಓಡಿ ಬಂದರು. ಆಟೋ. ಎಮರ್ಜೆನ್ಸಿ. ಬಿಪಿ 214/128. ಡಾಕ್ಟರು ಚಿಕ್ಕ ವಯಸ್ಸಿನವರು, ತೇಜಶ್ರೀ ಎಂದು ಕೋಟಿನ ಮೇಲೆ ಬರೆದಿತ್ತು.

"ಯಾವುದಾದ್ರೂ ಮಾತ್ರೆ ತಗೋತಿದಾರಾ?"

"ಏನೂ ಇಲ್ಲ ಡಾಕ್ಟ್ರೇ," ಎಂದರು ಯಜಮಾನರು. "ಶುಗರ್ ಇಲ್ಲ, ಬಿಪಿ ಇರಲಿಲ್ಲ. ತಲೆನೋವಿಗೂ ಮಾತ್ರೆ ನುಂಗೋಳಲ್ಲ ಅವಳು."

"ನಾಡಿ ನೋಡಿದ್ರೆ ಐವತ್ತಿದೆ. ಇಷ್ಟು ಬಿಪಿಗೆ..." ಡಾಕ್ಟರು ಹಣೆ ಸುಕ್ಕು ಮಾಡಿಕೊಂಡು ನರ್ಸಿಗೆ ಒಂದು ಇಂಜೆಕ್ಷನ್ ಹೆಸರು ಹೇಳಿದರು. ನರ್ಸ್ ಟ್ರೇಯಿಂದ ಅದನ್ನು ತೆಗೆದರು.

ನಾನು ಪರದೆಯ ಹತ್ತಿರ ನಿಂತಿದ್ದೆ. ಅಮ್ಮ ಕಣ್ಣು ಮುಚ್ಚಿದ್ದರು. ಹೇಳಬೇಡ ಎಂದಿದ್ದರು.

"ತಗೋತಾರೆ."

ಯಾರಿಗೂ ಕೇಳಿಸಲಿಲ್ಲ. ಎರಡನೇ ಸಲ ಹೇಳಿದಾಗ ನನಗೇ ಬೆಚ್ಚಿಬೀಳುವಷ್ಟು ಜೋರಾಗಿ ಬಂತು.

"ಅಮ್ಮ ಮಾತ್ರೆ ತಗೋತಾರೆ. ಎರಡು ಥರ."

ಯಜಮಾನರು ತಿರುಗಿದರು. "ಏನಂದೆ?"

"ಜಿಮ್ಮಿಂದು ಕ್ಯಾಪ್ಸೂಲ್. ಸಣ್ಣ ಆಗೋಕೆ. ಇನ್ನೊಂದು ಅಜ್ಜನವರದು... ಕೈ ನಡುಕದ್ದು. ನಾನೇ ತಂದ್ಕೊಟ್ಟಿದ್ದು."

ಡಾಕ್ಟರು ನರ್ಸಿನ ಕಡೆ ಕೈ ಎತ್ತಿದರು. "ಸಿಸ್ಟರ್, ಅದು ಬೇಡ. ನಿಲ್ಲಿ." ನನ್ನ ಕಡೆ ಬಂದರು. "ನಡುಕದ್ದು ಯಾವುದಮ್ಮ? ಹೆಸರು ಗೊತ್ತಾ?"

ತಿಂಗಳು ತಿಂಗಳು ತರುವ ಹೆಸರು. ಹೇಳಿದೆ. ಎಷ್ಟು ದಿನದಿಂದ, ಎಷ್ಟು ಗಂಟೆಗೆ, ನಾಡಿ ಎಷ್ಟೆಷ್ಟಿತ್ತು, ತೂಕ ಎಂದು ನಿಂತಿತು, ಬೆರಳು ಎಂದಿನಿಂದ ಬೆಳ್ಳಗಾಯಿತು. ಎಲ್ಲ ನೆನಪಿತ್ತು. ಅವರು ಬರೆದುಕೊಂಡರು. ಯಜಮಾನರು ನನ್ನನ್ನೇ ನೋಡುತ್ತಿದ್ದರು. ಇಷ್ಟು ಮಾತು ನನ್ನ ಬಾಯಿಂದ ಅವರು ಕೇಳಿರಲಿಲ್ಲ.

ತಲೆಯ ಸ್ಕ್ಯಾನ್ ಮಾಡಬೇಕು, ಮೈಮೇಲಿನ ಲೋಹವೆಲ್ಲ ತೆಗೆಯಿರಿ ಎಂದರು ನರ್ಸ್. ಬಳೆ, ಓಲೆ, ತಾಳಿ. ಕರಡಿಗೆಗೆ ಕೈ ಹಾಕಿದಾಗ ಅಮ್ಮ ಕಣ್ಣು ಮುಚ್ಚಿಕೊಂಡೇ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಯಜಮಾನರು ನಿಧಾನವಾಗಿ ಬಿಡಿಸಿ, ಲಿಂಗವನ್ನು ಮಾತ್ರ ಹೊರಗೆ ತೆಗೆದು, ತಮ್ಮ ಕರ್ಚೀಫಿನಲ್ಲಿ ಸುತ್ತಿ ಅಮ್ಮನ ತೋಳಿಗೆ ಕಟ್ಟಿದರು. "ಇದು ಲೋಹ ಅಲ್ಲ ಸಿಸ್ಟರ್. ಇದಿರಲಿ." ಬೆಳ್ಳಿಯ ಕರಡಿಗೆ ನನ್ನ ಕೈಗೆ ಕೊಟ್ಟರು. ಖಾಲಿ ಇದ್ದರೂ ಭಾರ ಇತ್ತು.

ರಕ್ತಸ್ರಾವ ಇಲ್ಲವಂತೆ. ಈಗ ಐಸಿಯು.

ಫೆಬ್ರವರಿ 19, ಬುಧವಾರ

ಬಿಪಿ 150ಕ್ಕೆ ಇಳಿದಿದೆ. ಅಮ್ಮ ಮಾತನಾಡಿದರು. ಗಂಜಿ ಕುಡಿದರು.

ಡಾಕ್ಟರ್ ತೇಜಶ್ರೀ ಯಜಮಾನರನ್ನೂ ನನ್ನನ್ನೂ ಕರೆದು ಬಿಡಿಸಿ ಹೇಳಿದರು. ಮರೆಯದ ಹಾಗೆ ಇಲ್ಲಿ ಬರೆದುಕೊಳ್ಳುತ್ತೇನೆ.

ಕ್ಯಾಪ್ಸೂಲಿನಲ್ಲಿ ಏನೇನಿದೆ ಎಂದು ಡಬ್ಬಿಯ ಮೇಲೆ ಸರಿಯಾಗಿ ಬರೆದಿಲ್ಲ. ಎಫೆಡ್ರಿನ್ ಥರದ್ದು, ಜೊತೆಗೆ ಕೆಫೀನ್ ಇರಬಹುದು ಎಂದು ಅವರ ಊಹೆ. ಭಯವಾದಾಗ ಮೈಯಲ್ಲಿ ಹರಿಯುವುದು ಅಡ್ರಿನಲಿನ್. ಕ್ಯಾಪ್ಸೂಲ್ ಭಯವಿಲ್ಲದೆಯೇ ಅಂಥದ್ದೇ ಕೆಲಸ ಮಾಡಿಸುತ್ತದೆ. ಆದರೆ ಅದಾಗಿ ಅದು ಏನೂ ಮಾಡುವುದಿಲ್ಲ. ಮೈಯೊಳಗೆ ಅದನ್ನು ತೆಗೆದುಕೊಳ್ಳುವ ಜಾಗಗಳಿವೆ, ರಿಸೆಪ್ಟರ್. ಎರಡು ಪಂಗಡ, ಆಲ್ಫಾ ಮತ್ತು ಬೀಟಾ.

ಹೃದಯದಲ್ಲಿ ಬೀಟಾ. ಅದಕ್ಕೆ ಕ್ಯಾಪ್ಸೂಲಿನ ಔಷಧಿ ಸಿಕ್ಕರೆ ನಾಡಿ ಓಡುತ್ತದೆ. ಕೈಕಾಲಿನ ಮಾಂಸಖಂಡದಲ್ಲಿ ಇನ್ನೊಂದು ಬೀಟಾ. ಅದಕ್ಕೆ ಸಿಕ್ಕರೆ ಅಲ್ಲಿನ ರಕ್ತನಾಳ ಅಗಲವಾಗುತ್ತದೆ, ಕೈಯೂ ನಡುಗುತ್ತದೆ. ಕೊಬ್ಬಿನ ಕಣಗಳ ಮೇಲೂ ಬೀಟಾ. ಅದಕ್ಕೆ ಸಿಕ್ಕರೇ ಕೊಬ್ಬು ಕರಗುವುದು. ರಕ್ತನಾಳದ ಗೋಡೆಯಲ್ಲಿ ಆಲ್ಫಾ. ಅದು ನಾಳವನ್ನು ಬಿಗಿಯುತ್ತದೆ. ಕೊಬ್ಬಿನ ಮೇಲೂ ಒಂದು ಬಗೆಯ ಆಲ್ಫಾ ಇದೆ, ಅದು ಕೊಬ್ಬನ್ನು ಬಿಡದೆ ಹಿಡಿದುಕೊಳ್ಳುತ್ತದೆ.

ಅಜ್ಜನವರ ಮಾತ್ರೆ ಬೀಟಾವನ್ನು ಮುಚ್ಚುವ ಮಾತ್ರೆ. ಎಲ್ಲ ಬೀಟಾವನ್ನೂ.

ಯಜಮಾನರು ಹೇಳಿದರು, "ಅಂದ್ರೆ ಡಾಕ್ಟ್ರೇ, ತರಗುಪೇಟೆಗೆ ಹತ್ತು ಲಾರಿ ಲೋಡ್ ಬಂತು. ಅರ್ಧ ಅಂಗಡಿಯೋರು ಶಟರ್ ಎಳೆದುಬಿಟ್ರು. ಮಾಲೆಲ್ಲ ಉಳಿದ ಅಂಗಡಿ ಮುಂದೇನೇ ಇಳೀತು. ಗಲ್ಲಿ ಬ್ಲಾಕ್."

"ನಿಮಗೆ ನನಗಿಂತ ಚೆನ್ನಾಗಿ ಅರ್ಥ ಆಗಿದೆ ಸರ್," ಎಂದು ಡಾಕ್ಟರು ನಕ್ಕರು. "ಆಲ್ಫಾ ಬಿಗೀತಾ ಹೋಯ್ತು, ಅಗಲ ಮಾಡೋ ಬೀಟಾ ಮುಚ್ಚಿತ್ತು. ಬಿಪಿ ಏರ್ತು. ನಾಡಿ ಇಳೀತು. ಜಿಮ್‌ನಲ್ಲಿ ನಾಡಿ ಒಂದೇ ನೋಡ್ತಿದ್ರಲ್ಲ, ಅದಕ್ಕೇ ಚೆನ್ನಾಗಿದೆ ಅಂದ್ಕೊಂಡ್ರು."

ಆಮೇಲೆ ನನ್ನ ಕಡೆ ನೋಡಿ ಹೇಳಿದರು, "ನಿನ್ನೆ ನಾನು ಕೊಡೋಕೆ ಹೊರಟಿದ್ದ ಇಂಜೆಕ್ಷನ್ನೂ ಬೀಟಾ ಮುಚ್ಚೋ ಜಾತೀದೇ. ನೀನು ಹೇಳದೆ ಇದ್ದಿದ್ರೆ ಬಿಪಿ ಇನ್ನೂ ಏರ್ತಿತ್ತು."

ಒಂದು ವಿಷಯ ಕೇಳಬೇಕಿತ್ತು, ಕೇಳಿದೆ. ಮಾತ್ರೆ ಶುರು ಮಾಡಿದ ಮೇಲೆ ಅಮ್ಮನ ತೂಕ ಯಾಕೆ ಇಳಿಯಲಿಲ್ಲ?

"ಕೊಬ್ಬು ಕರಗಿಸೋ ಬಾಗಿಲನ್ನೂ ಅದೇ ಮಾತ್ರೆ ಮುಚ್ಚಿತ್ತಲ್ಲಮ್ಮ."

ಹಾಗಾದರೆ ಹನ್ನೆರಡು ದಿನ ಅವರು ನುಂಗಿದ್ದೆಲ್ಲ ಬರೀ ರಕ್ತನಾಳ ಬಿಗಿಯುವುದಕ್ಕೆ.

ಫೆಬ್ರವರಿ 22, ಶನಿವಾರ

ಅಮ್ಮ ಮನೆಗೆ ಬಂದರು. ಬಿಪಿಗೆ ಬೇರೆ ಮಾತ್ರೆ, ಉಪ್ಪು ಕಮ್ಮಿ, ನಡಿಗೆ ಸಾಕು.

ಯಜಮಾನರು ಜಿಮ್ಮಿಗೆ ಹೋಗಿ ಕೂಗಾಡಿದರಂತೆ. ಲೋಹಿತ್ ಅತ್ತುಬಿಟ್ಟನಂತೆ. "ಆಂಟಿ ಬೇರೆ ಮಾತ್ರೆ ತಗೋತಾರೆ ಅಂತ ನನಗೆ ಗೊತ್ತಿಲ್ಲ ಸರ್, ನಾನು ಕೇಳ್ಲೂ ಇಲ್ಲ" ಎಂದನಂತೆ.

ಸಂಜೆ ಯಜಮಾನರು ನನ್ನನ್ನು ಕರೆದರು. ಕೆಲಸ ಹೋಯಿತು ಎಂದುಕೊಂಡೇ ಹೋದೆ.

"ನಿನ್ನ ಮೇಲೆ ನನಗೆ ಕೋಪ ಇದೆ ಯಶು. ಹನ್ನೆರಡು ದಿನ ಬಾಯಿ ಮುಚ್ಕೊಂಡಿದ್ದೆ."

"ಹೂಂ."

"ಹದಿಮೂರನೇ ದಿನ ತೆಗೆದೆ. ಅದಕ್ಕೆ ಸುಮ್ನಿದೀನಿ. ಹೋಗು, ಅವಳಿಗೆ ಕಾಫಿ ಕೊಡು. ಸ್ಟ್ರಾಂಗ್ ಬೇಡ."

ಫೆಬ್ರವರಿ 27, ಗುರುವಾರ

ನಿನ್ನೆ ಶಿವರಾತ್ರಿ. ಅಮ್ಮ ಕುರ್ಚಿಯ ಮೇಲೆಯೇ ಕೂತು ಪೂಜೆ ಮಾಡಿದರು. ಆಸ್ಪತ್ರೆಯಿಂದ ಬಂದ ಮೇಲೆ ನಿಶ್ಶಕ್ತಿ, ಕೈ ಸ್ವಲ್ಪ ಅಲ್ಲಾಡುತ್ತದೆ. ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಅಜ್ಜನವರೂ ಪೂಜೆಗೆ ಕೂತಿದ್ದರು.

"ಯಾಕಮ್ಮ ಅಳ್ತೀಯ?"

"ಕೈ ನಿಲ್ತಿಲ್ಲ ಮಾವ."

ಅಜ್ಜನವರು ತಮ್ಮ ಎಡಗೈ ಚಾಚಿದರು. ಲಿಂಗ ಅದರ ಮೇಲೆ ತಕತಕ ಕುಣಿಯುತ್ತಿತ್ತು. "ಹನ್ನೊಂದು ವರ್ಷದಿಂದ ಹೀಗೇ ಕುಣಿಸ್ತಿದೀನಿ. ಪೂಜೆ ಹೊತ್ತಿಗೆ ಆ ಮಾತ್ರೆ ಎಂದೂ ತಗೊಂಡೋನಲ್ಲ, ಮಧ್ಯಾಹ್ನ ಊಟಕ್ಕೆ ಮುಂಚೆ ತಗೋತೀನಿ. ಸಾರು ಚೆಲ್ಲಬಾರದಲ್ಲ, ಪಂಚೆ ಹಾಳಾಗುತ್ತೆ."

ಅಮ್ಮ ಅಳುತ್ತಲೇ ನಕ್ಕುಬಿಟ್ಟರು. "ಮೊದ್ಲೇ ಹೇಳ್ಬಾರ್ದಾ ಮಾವ!"

"ನೀನು ಕೇಳಿದ್ಯಾ?"

ಮಾರ್ಚ್ 5, ಬುಧವಾರ, ಬೆಳಿಗ್ಗೆ 8

ಅಮ್ಮನ ಶೂ, ಟವೆಲ್ ಜಿಮ್ಮಿನ ಲಾಕರಿನಲ್ಲೇ ಉಳಿದಿದ್ದವು. ತರಲು ಆರು ಗಂಟೆಗೆ ನಾನೊಬ್ಬಳೇ ಹೋದೆ. ಕಪ್ಪು ಡಬ್ಬಿ ಕೌಂಟರಿನ ಮೇಲಿಲ್ಲ. ಲೋಹಿತ್ ಮಾರುವುದನ್ನು ಬಿಟ್ಟಿದ್ದಾನೆ. ಆದರೆ ಮೊದಲೇ ಕೊಂಡವರ ಹತ್ತಿರ ಇದೆ.

ಶೂ ತೆಗೆದುಕೊಂಡೆ. ಬಾಗಿಲವರೆಗೂ ಬಂದೆ. ಮಹಾನಂದ ಅವರು ಟ್ರೆಡ್‌ಮಿಲ್ ಮೇಲೆ ನಡೆಯುತ್ತಿದ್ದರು. ಶಾಲು ಹೊದ್ದಿದ್ದರು. ಮಾತು ಇರಲಿಲ್ಲ.

ವಾಪಸ್ ಹೋದೆ. ಅವರ ಎದುರು ನಿಂತೆ. ಟವೆಲ್ ಕೇಳಲಿಲ್ಲ.

"ಮೇಡಂ, ಆ ಕ್ಯಾಪ್ಸೂಲ್ ಜೊತೆ ಬೇರೆ ಏನಾದ್ರೂ ಮಾತ್ರೆ ತಗೋತೀರಾ?"

"ಯಾಕೇ?"

"ಹೇಳಿ ಮೇಡಂ. ಯಾವುದಾದ್ರೂ. ಯಾರದಾದ್ರೂ."

ಅವರು ಮಿಷಿನ್ ನಿಲ್ಲಿಸಿದರು. ಸುತ್ತ ನೋಡಿದರು. ಬೆಂಚಿನ ಹತ್ತಿರ ಹೋಗಿ ಬ್ಯಾಗಿನ ಜಿಪ್ ತೆಗೆದು ಒಂದು ಸ್ಟ್ರಿಪ್ ನನ್ನ ಕೈಗಿಟ್ಟರು. ಅದರ ಮೇಲಿದ್ದದ್ದು ನಾನು ತಿಂಗಳು ತಿಂಗಳು ತರುವ ಹೆಸರು.